ಪಿಯಾನೊ ಬಿಳಿ ಕೀಗಳಿಗೆ ಹೊಸ ಟಾಪ್ ಅಂಟಿಸಬೇಕು, ಯಾವ ಅಂಟು? ಮುಂಬೈ ಮಳೆ, ಚೌತಿ ಗಡುವು

ಮಾಟುಂಗಾ_ಮೂಲೆಮನೆ
ಹಳೇ ಜರ್ಮನ್ ಅಪ್‌ರೈಟ್ (ನಿಂತ ಪೆಟ್ಟಿಗೆಯ) ಪಿಯಾನೊ, 85 ಕೀ. ಬಿಳಿ ಕೀಗಳಲ್ಲಿ 11ರ ಟಾಪ್ (ಕೀ ಮರದ ಮೇಲಿನ ತೆಳು ಹೊದಿಕೆ) ಉದುರಿದೆ, ಇನ್ನೂ ಏಳೆಂಟು ಬೆರಳಿಟ್ಟರೆ ಅಲ್ಲಾಡುತ್ತವೆ, ಉಳಿದವು ಬೀಡಿ ಸೇದಿದ ಹಲ್ಲಿನ ಬಣ್ಣ. 52 ಪ್ಲಾಸ್ಟಿಕ್ ಟಾಪ್‌ಗಳ ಸೆಟ್ ಆನ್‌ಲೈನ್‌ನಲ್ಲಿ ತರಿಸಿ ಆಗಿದೆ. ಕೀಯ ಮುಂದಿನ ಮುಖ ಮುಚ್ಚುವ ಮುಖಪಟ್ಟಿಯೂ ಜೊತೆಗೇ ಅಚ್ಚಾಗಿರುವ ಥರದ್ದು. ಹಳೇದೆಲ್ಲ ತೆಗೆದು ಪೂರ್ತಿ ಹೊಸದು ಹಾಕುವ ಯೋಚನೆ. ಪ್ರಶ್ನೆ ಒಂದೇ: ಅಂಟು ಯಾವುದು? ಮನೇಲಿ ಫೆವಿಕಾಲ್ ಎಸ್‌ಎಚ್ ಇದೆ, ಫೆವಿಕ್ವಿಕ್ ಇದೆ. ಚೌತಿ ಒಳಗೆ ಮುಗಿಸಬೇಕು.

ಡೊಂಬಿವಲಿ_ಫಾಸ್ಟ್
ಫೆವಿಕ್ವಿಕ್. ಐದು ರೂಪಾಯಿ, ಐದು ಸೆಕೆಂಡ್. ಮುಂದಿನ ಪ್ರಶ್ನೆ?

ಸ್ವರಸರಿ
ಮುಂದಿನ ಪ್ರಶ್ನೆ: ಟಾಪ್ ಅರ್ಧ ಮಿಲಿಮೀಟರ್ ಓರೆಯಾಗಿದೆ ಅಂತ ಆರನೇ ಸೆಕೆಂಡಿಗೆ ಕಂಡರೆ ಏನು ಮಾಡ್ತೀರಿ?

ಫೆವಿಕ್ವಿಕ್ ಜಾತಿಯ ಅಂಟು ಗಾಜಿನ ಹಾಗೆ, ಗಟ್ಟಿ ಆದರೆ ಬಗ್ಗಲ್ಲ. ಕೀ ಮೇಲೆ ಬೀಳೋದು ಸಾವಿರಾರು ಸಣ್ಣ ಪೆಟ್ಟು. ಕೆಳಗಿನ ಮರ ಮಳೆಗಾಲಕ್ಕೆ ಅಡ್ಡಡ್ಡ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಇದ್ದ ಹಾಗೇ ಇರುತ್ತೆ. ಬಗ್ಗದ ಅಂಟು ಈ ಎಳೆದಾಟದಲ್ಲಿ ಬಿರುಕು ಬಿಡುತ್ತೆ. ಅದೂ ಅಲ್ಲದೆ ಅದರ ಆವಿ ಪಕ್ಕದ ಹೊಳೆಯುವ ಟಾಪ್ ಮೇಲೆ ಬಿಳೀ ಬೂದಿಯ ಹಾಗೆ ಕೂರುತ್ತೆ. ತೇವದ ಗಾಳಿಯಲ್ಲಿ ಇನ್ನೂ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು: ಅಂಟು ನಿಮ್ಮ ಕೊನೆಯ ಪ್ರಶ್ನೆ ಆಗಬೇಕು. ಮೊದಲನೆಯದು ದಪ್ಪ. ಹಳೇ ಟಾಪ್ ಎಷ್ಟು ದಪ್ಪ, ಹೊಸದು ಎಷ್ಟು? ವರ್ನಿಯರ್‌ನಲ್ಲಿ ಅಳೆದು ಇಲ್ಲಿ ಹಾಕಿ.

ಮಾಟುಂಗಾ_ಮೂಲೆಮನೆ
ಹಳೇದು 1.1 ಮಿಮೀ. ಹೊಸದು 1.9. ಹೊಸದರ ಮುಖಪಟ್ಟಿ 1.6. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನಾಗುತ್ತೆ?

ಪೇಠೆ_ಬಡಿಗ
ಸಣ್ಣದಾ? 0.8 ಮಿಲಿಮೀಟರ್ ಅಂದ್ರ ಪಿಯಾನೊದಾಗ ದೊಡ್ಡ ಗುಡ್ಡ ರೀ. ಬಿಳಿ ಕೀ ಮ್ಯಾಲಿಂದ ಕರಿ ಕೀ ಸುಮಾರು 12 ಮಿಮೀ ಎದ್ದು ನಿಂತಿರ್ತದ. ಬಿಳಿ ಮ್ಯಾಲೆ ಬಂತಂದ್ರ ಕರಿ ಗಿಡ್ಡ ಆಗ್ತದ, ಬೆರಳು ಜಾರಿ ಎರಡೂ ಒಟ್ಟಿಗೆ ಒತ್ತಿ ಬಿಡ್ತದ. ಕೀಗಳ ಮ್ಯಾಲಿನ ಮುಚ್ಚಳ ಹಾಕಿದಾಗ ಟಾಪಿಗೆ ತಾಗಿದ್ರೂ ತಾಗಬಹುದು. ಮುಖಪಟ್ಟಿ 1.6 ಅಂದ್ರ ಕೀ ಅಷ್ಟು ಮುಂದ ಬಂತು. ಮುಂದಿನ ಉದ್ದ ಪಟ್ಟಿಗೂ ಕೀಗೂ ಇರೋದ ಮೂರು ಮಿಲಿಮೀಟರ್ ಸಂದು. ಅರ್ಧ ಹೋತು. ಮಳಿಗಾಲದಾಗ ಆ ಪಟ್ಟಿ ಸ್ವಲ್ಪ ಡೊಂಕಾತಂದ್ರ ಕೀ ಉಜ್ಜಿಕೊಂಡು ಕೆಳಗ ನಿಂತು ಬಿಡ್ತದ.

ಮ್ಯಾಲಿಂದ 0.8, ಮುಂದಿಂದ 1.6 ಮರ ತಗೀಬೇಕು. ಆಮ್ಯಾಲೆ ಅಂಟಿನ ಮಾತು.

ಕರಾವಳಿ_ಕರಿಕೀ
ಹಳೇ ಮುಖಪಟ್ಟಿ ಬೇರೆ ಇರ್ತದಲ್ಲ ಮಾರಾಯ್ರೆ, ಅದನ್ನು ತೆಗೆದ್ರೆ ಅಷ್ಟು ಜಾಗ ತಾನಾಗಿ ಸಿಗ್ತದೆ. ಅದರ ದಪ್ಪ ಕಳೆದು ಉಳಿದದ್ದು ಮಾತ್ರ ಮರದಿಂದ ತೆಗೆಯಿರಿ. ಬಡಿಗರು ಉಳಿ ಹಿಡಿದರೆ ನಿಲ್ಲುವುದಿಲ್ಲ.

ಪೇಠೆ_ಬಡಿಗ
ಖರೆ, ಹಳೇ ಪಟ್ಟಿ ಮರತೆ. ಸಾಮಾನ್ಯವಾಗಿ ಅದು ಒಂದು ಮಿಮೀ ಒಳಗ ಇರ್ತದ. ತಗದು ಅಳೀರಿ, ಉಳಿದಷ್ಟ ಉಜ್ಜರಿ.

ಮಾಟುಂಗಾ_ಮೂಲೆಮನೆ
ಸರಿ. ಹಳೇ ಟಾಪ್ ತೆಗೆಯೋದು ಹೇಗೆ? ಇಸ್ತ್ರಿ ಪೆಟ್ಟಿಗೆ ಇಟ್ಟು ಬಿಸಿ ಮಾಡಿದರೆ ಬಿಡುತ್ತೆ ಅಂತ ಎಲ್ಲೋ ವಿಡಿಯೊದಲ್ಲಿತ್ತು.

ಅಂಟುಪುರಾಣ
ನಿಲ್ಲಿ ನಿಲ್ಲಿ. ಇಸ್ತ್ರಿ ಪೆಟ್ಟಿಗೆ ಮುಟ್ಟುವ ಮುಂಚೆ ಹಳೇ ಟಾಪ್ ಯಾವುದರದ್ದು ಅಂತ ನೋಡಿ. ದಂತವಾದರೆ ಸಾಮಾನ್ಯವಾಗಿ ಪ್ರತಿ ಕೀಗೂ ಎರಡು ತುಂಡು ಇರುತ್ತೆ. ಮುಂದಿನ ಅಗಲ ಭಾಗ ಒಂದು, ಕರಿ ಕೀಗಳ ನಡುವಿನ ಬಾಲ ಒಂದು, ಮಧ್ಯೆ ಕೂದಲೆಳೆಯ ಗೆರೆ. ಒಂದೇ ತುಂಡಾಗಿದ್ದು, ಒಳಗಿನ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಸಮಾನಾಂತರವಾಗಿದ್ದರೆ ಸೆಲ್ಯುಲಾಯ್ಡ್. ತಳಭಾಗವನ್ನು ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಖಾತ್ರಿ, ಏಕೆಂದರೆ ಸೆಲ್ಯುಲಾಯ್ಡ್‌ನಲ್ಲಿ ನಿಜವಾಗಿ ಕರ್ಪೂರ ಇರುತ್ತೆ.

ಸೆಲ್ಯುಲಾಯ್ಡ್ ಅಂದರೆ ನೈಟ್ರೊಸೆಲ್ಯುಲೋಸ್. ಹಳೇ ಸಿನಿಮಾ ರೀಲು ಹೊತ್ತಿ ಉರಿಯುತ್ತಿದ್ದದ್ದು ಇದರಿಂದಲೇ. ಕಾಟನ್ ಗುರುತಿಗೆ ಇಟ್ಟ ಇಸ್ತ್ರಿ ಪೆಟ್ಟಿಗೆ ಅದನ್ನು ಹೊತ್ತಿಸೋಕೆ ಸಾಕು. ಒಮ್ಮೆ ಹೊತ್ತಿತು ಅಂದರೆ ಊದಿ ಆರಿಸುವ ಮಾತಿಲ್ಲ.

ಮಾಟುಂಗಾ_ಮೂಲೆಮನೆ
ಒಂದೇ ತುಂಡು. ಗೆರೆ ನೆಟ್ಟಗಿವೆ. ಕರ್ಪೂರದ ವಾಸನೆ ಬರ್ತಿದೆ, ಮಂಗಳಾರತಿ ಥರ.

ಡೊಂಬಿವಲಿ_ಫಾಸ್ಟ್
ಇಸ್ತ್ರಿ ಪೆಟ್ಟಿಗೆ ಇಟ್ಟಿದ್ದರೆ ಆರತಿಯೂ ಆಗ್ತಿತ್ತು.

ಸ್ವರಸರಿ
ಸೆಲ್ಯುಲಾಯ್ಡ್ ಕಡಿಮೆ ಬಿಸಿಗೇ ಮೆತ್ತಗಾಗುತ್ತೆ, ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬೇಡ. ಅರ್ಧ ನಿಮಿಷ ಬೆಚ್ಚಗೆ ಮಾಡಿ, ತೆಳ್ಳಗಿನ ಪುಟ್ಟಿ ಚಾಕುವನ್ನು ಟಾಪ್ ಮತ್ತು ಮರದ ನಡುವೆ ತೂರಿಸಿ. ಚಾಕು ಚಪ್ಪಟೆಯಾಗಿ ಹೋಗಬೇಕು, ಮೀಟಬಾರದು. ಒಂದು ಕಡೆಯಿಂದ ಹೋದಾಗ ಚಾಕು ಮರದೊಳಕ್ಕೆ ಇಳಿಯೋಕೆ ಶುರುಮಾಡಿದರೆ ನಾರು ಆ ದಿಕ್ಕಿಗೆ ಇಳಿದಿದೆ ಅಂತ ಅರ್ಥ. ತಕ್ಷಣ ನಿಲ್ಲಿಸಿ, ಎದುರು ಕಡೆಯಿಂದ ಬನ್ನಿ. ಕೀಗಳು ಮೆದು ಮರದ್ದು, ಪೈನೋ ಸ್ಪ್ರೂಸೋ. ಒಮ್ಮೆ ಸಿಗುರು ಎದ್ದರೆ ಇಡೀ ಸೀಳು ಬರುತ್ತೆ. ಅಂಥ ಗುಳಿಯನ್ನು ಮರದ ಸಿಗುರು, ಇಲ್ಲವೇ ಎರಡು ಟ್ಯೂಬಿನ ಎಪಾಕ್ಸಿ ಪುಟ್ಟಿಯಿಂದ ತುಂಬಿ ಸಮ ಮಾಡಿ. ಬರೀ ಅಂಟು ಸುರಿದು ತುಂಬಿದರೆ ಒಣಗಿದ ಮೇಲೆ ತಗ್ಗುತ್ತೆ, ಮೇಲಿನ ಪ್ಲಾಸ್ಟಿಕ್ ಅಲ್ಲಿ ಟೊಳ್ಳು ಸದ್ದು ಮಾಡುತ್ತೆ. ಉಗುರಿಂದ ತಟ್ಟಿದರೆ ಗೊತ್ತಾಗುತ್ತೆ.

ದಂತವಾಗಿದ್ದರೆ ಇಸ್ತ್ರಿ ಪೆಟ್ಟಿಗೆ, ಒದ್ದೆ ಬಟ್ಟೆ ನಡೆಯುತ್ತೆ. ವಿಡಿಯೊದಲ್ಲಿದ್ದದ್ದು ಅದೇ ಇರಬೇಕು.

ಅಂಟುಪುರಾಣ
ಸೆಲ್ಯುಲಾಯ್ಡ್ ಒಣಗಿದ್ದಾಗ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಡಿ, ಆ ಪುಡಿ ಟಾಪಿಗಿಂತ ಬೇಗ ಹೊತ್ತಿಕೊಳ್ಳುತ್ತೆ. ತೆಗೆದ ಚೂರುಗಳನ್ನು ಒಲೆ, ಊದುಬತ್ತಿ ಹತ್ತಿರ ಗುಡ್ಡೆ ಹಾಕಬೇಡಿ. ನೀರು ತುಂಬಿದ ಡಬ್ಬಿಗೆ ಹಾಕಿ.

ನಿವೃತ್ತ_ನಾದ
ದಂತದ ಮಾತು ಬಂತಲ್ಲ. ದಂತದ ಹಳೇ ಟಾಪ್ ಒಂದು ಪೂರ್ತಿ ಸೆಟ್ ಯಾರಿಗಾದರೂ ಬೇಕಿದ್ದರೆ...

ನಿರ್ವಾಹಕ
ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಭಾರತದಲ್ಲಿ ಆನೆ ದಂತದ ವ್ಯಾಪಾರ ಅಪರಾಧ. ಹಳೇ ಪಿಯಾನೊದ್ದು, ಆಫ್ರಿಕಾದ್ದು ಅನ್ನೋ ವಾದ ನಡೆಯಲ್ಲ. ಇಲ್ಲಿ ಮಾರಾಟದ ಮಾತು ಮತ್ತೆ ಬಂದರೆ ಖಾತೆ ಮುಚ್ಚುತ್ತೆ.

ನಿವೃತ್ತ_ನಾದ
ಕ್ಷಮಿಸಿ. ಕಾಯ್ದೆ ಇದಕ್ಕೂ ಅನ್ವಯಿಸುತ್ತೆ ಅಂತ ತಿಳಿದಿರಲಿಲ್ಲ.

ಮಡಗಾಂವ್_ಮಳೆ
ಕೀಗಳನ್ನು ಹೊರಗೆ ತೆಗೆಯೋದು ಯಾರೂ ಹೇಳಲೇ ಇಲ್ಲ. ಅಪ್‌ರೈಟ್‌ನಲ್ಲಿ ಮೇಲಿನ ಮುಚ್ಚಳ ಎತ್ತಿ, ಮುಂದಿನ ಹಲಗೆಯ ಎರಡು ಬದಿಯ ತಿರುಗಣೆ ಬಿಡಿಸಿ, ಕೀ ಮುಚ್ಚಳ ತೆಗೆದು, ಕೀಗಳ ಮೇಲೆ ಅಡ್ಡ ಕೂತಿರುವ ಪಟ್ಟಿ ಬಿಚ್ಚಿದರೆ ಕೀ ನೇರ ಮೇಲಕ್ಕೆ ಎತ್ತಬಹುದು. ನೇರ ಅಂದರೆ ನೇರ. ಬಲಕ್ಕೂ ಎಡಕ್ಕೂ ಕುಲುಕಿ ಕಿತ್ತರೆ ನಡುವಿನ ಪಿನ್ನಿನ ತೂತು ದೊಡ್ಡದಾಗುತ್ತೆ, ಆಮೇಲೆ ಕೀ ಕಟಕಟ ಅನ್ನುತ್ತೆ.

ಎತ್ತುವ ಮುಂಚೆ ಎರಡು ಕೆಲಸ. ಕೀಗಳ ಮೈಮೇಲೆ 1ರಿಂದ 85 ಅಂಕಿ ಒತ್ತಿದೆಯಾ ನೋಡಿ, ಸಾಮಾನ್ಯವಾಗಿ ಇರುತ್ತೆ, ಎಡಗಡೆ ಮಂದ್ರದಿಂದ ಶುರು. ಇಲ್ಲದಿದ್ದರೆ ಎಲ್ಲ ಕೀಗಳ ಹಿಂಭಾಗದ ಮೇಲೆ ಅಡ್ಡಲಾಗಿ ಒಂದು ಓರೆ ಪೆನ್ಸಿಲ್ ಗೆರೆ ಎಳೆಯಿರಿ, ಒಂದು ಕೀ ಜಾಗ ತಪ್ಪಿದರೂ ಗೆರೆ ಮುರಿದು ಕಾಣುತ್ತೆ. ಎರಡನೆಯದು ನಡುವಿನ ಪಿನ್ನಿಗೆ ಪೋಣಿಸಿರುವ ಬಟ್ಟೆಯ ಉಂಗುರ ಮತ್ತು ಅದರ ಕೆಳಗಿನ ಕಾಗದದ ಸಣ್ಣ ಚಕ್ರಗಳು. ಅವು ಕಸವಲ್ಲ! ಒಂದೊಂದು ಪಿನ್ನಿಗೂ ಒಂದೊಂದು ಲೆಕ್ಕದಲ್ಲಿ ಇರುತ್ತವೆ, ಕೀಗಳ ಮಟ್ಟ ನಿಂತಿರೋದೇ ಅವುಗಳ ಮೇಲೆ. ಕೀ ತೆಗೆದ ಖುಷಿಗೆ ವ್ಯಾಕ್ಯೂಮ್ ಹಚ್ಚಿದರೆ ಎರಡು ದಿನದ ಕೆಲಸ ಹೆಚ್ಚಿತು.

ಕರಾವಳಿ_ಕರಿಕೀ
ಕರಿ ಕೀಗಳನ್ನು ಮುಟ್ಟುವುದು ಬೇಡ, ಅವನ್ನು ಪಿಯಾನೊದಲ್ಲೇ ಬಿಡಿ. ಬಿಳಿ 50 ಮಾತ್ರ ಹೊರಗೆ.

ಮಾಟುಂಗಾ_ಮೂಲೆಮನೆ
ಹಾಗಾದರೆ 52ರಲ್ಲಿ ಎರಡು ಉಳಿಯುತ್ತೆ, ಹಾಳಾದರೆ ಬದಲಿಗೆ ಆಯಿತು. ಅಲ್ಲವಾ?

ಸ್ವರಸರಿ
ಅಲ್ಲ. ಇಲ್ಲಿ ಒಂದು ಗುಂಡಿ ಇದೆ, 85 ಕೀ ಪಿಯಾನೊದವರೆಲ್ಲ ಬೀಳುವ ಗುಂಡಿ.

88 ಕೀ ಸೆಟ್ಟಿನಲ್ಲಿ ಎ, ಬಿ, ಸಿ ಸ್ವರಗಳ ಟಾಪ್ ತಲಾ ಎಂಟು, ಡಿ, ಇ, ಎಫ್, ಜಿ ತಲಾ ಏಳು. ಒಟ್ಟು 52. ಕೊನೆಯ ಸಿ ಮಾತ್ರ ಯಾವ ಕಡೆಯೂ ಕಚ್ಚು (ಕರಿ ಕೀಗೆ ಜಾಗ ಬಿಟ್ಟು ಕೊಯ್ದದ್ದು) ಇಲ್ಲದ ಪೂರ್ತಿ ಆಯತ, ಏಕೆಂದರೆ ಅದರ ಪಕ್ಕ ಕರಿ ಕೀ ಇಲ್ಲ. ನಿಮ್ಮ ಪಿಯಾನೊ ಎ ಸ್ವರಕ್ಕೇ ಮುಗಿಯುತ್ತೆ. ಹಾಗಾಗಿ ಕೊನೆಯ ಬಿ ಮತ್ತು ಆ ಪೂರ್ತಿ ಸಿ ಬೇಡ. ಸರಿ, ಎರಡು ಉಳಿಯಿತು. ಆದರೆ ನಿಮ್ಮ ಕೊನೆಯ ಎ ಕೀಗೆ ಎಡಗಡೆ ಮಾತ್ರ ಕರಿ ಕೀ, ಬಲಗಡೆ ಖಾಲಿ. ಸೆಟ್ಟಿನಲ್ಲಿ ಆ ಜಾಗಕ್ಕೆ ಬರುವ ಎ ಟಾಪಿಗೆ ಎರಡೂ ಕಡೆ ಕಚ್ಚು. ಅದನ್ನೇ ಹಾಕಿದರೆ ಬಲಗಡೆ ಮರ ಬೋಳಾಗಿ ಕಾಣುತ್ತೆ. ಬಿ ಟಾಪಿಗೆ ಎಡಗಡೆ ಮಾತ್ರ ಕಚ್ಚು ಇದೆ, ಅದು ಹೊಂದುತ್ತೆ ಅಂತ ಅನ್ನಿಸುತ್ತೆ. ಹೊಂದಲ್ಲ, ಬಿ ಕಚ್ಚು ಎ ಕಚ್ಚಿಗಿಂತ ಆಳ, ಕರಿ ಕೀ ಪಕ್ಕ ಸಂದು ಬಿಡುತ್ತೆ.

ಪೂರ್ತಿ ಸಿ ಟಾಪನ್ನೇ ತೆಗೆದುಕೊಳ್ಳಿ, ಕೀ ಮರದ ಎಡಗಡೆಯ ಕಚ್ಚನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಸಣ್ಣ ಹಲ್ಲಿನ ಗರಗಸದಿಂದ ಗೆರೆಗಿಂತ ಅರ್ಧ ಮಿಲಿಮೀಟರ್ ಹೊರಗೆ ಕೊಯ್ದು, ಅರದಿಂದ ಗೆರೆಗೆ ತನ್ನಿ. ಒಳಮೂಲೆಯಲ್ಲಿ ಮೊದಲು 2 ಮಿಮೀ ತೂತು ಕೊರೆದರೆ ಬಿರುಕು ಓಡಲ್ಲ. ಆ ಸಿ ಟಾಪನ್ನು ಹುಷಾರಾಗಿ ಎತ್ತಿಡಿ, ಅದು ಒಂದೇ ಇರೋದು.

ಪೇಠೆ_ಬಡಿಗ
ಅಂಗಡ್ಯಾಗ ಅರ ಕೇಳಬ್ಯಾಡ್ರಿ, ಕಾನಸ್ ಅನ್ನರಿ. ತೋಪಡ ಅಂದ್ರೂ ಯಾರಿಗೂ ತಿಳಿಯೂದಿಲ್ಲ, ಇಲ್ಲೆ ಅದು ರಂಧಾ. ಉಳಿಗೆ ಪಟಾಶಿ. ಪುಣೇದಾಗ ಬೋಹರಿ ಆಳಿ, ಮುಂಬೈದಾಗ ನಾಗದೇವಿ ಸ್ಟ್ರೀಟ್, ಎರಡೂ ಕಡೆ ಸಣ್ಣ ಕಾನಸ್ ಸೆಟ್ ಸಿಗ್ತದ.

ಡೊಂಬಿವಲಿ_ಫಾಸ್ಟ್
ಪಿಯಾನೊಗೆ ಕನ್ನಡದಲ್ಲಿ ಏನಂತಾರೆ ಅಂತ ಯಾರೂ ಕೇಳಲಿಲ್ಲ. ಕೀಬೋರ್ಡ್ ಕೀಲಿಮಣೆ ಆದರೆ ಕೀಟಾಪ್ ಏನು, ಕೀಲಿಟೋಪಿ?

ಕರಾವಳಿ_ಕರಿಕೀ
ಕೀಲಿಟೋಪಿ ಚೆನ್ನಾಗುಂಟು. ಇಟ್ಟುಕೊಳ್ಳುವ.

ಹಾರ್ಮೋನಿಯಂ_ಹುಚ್ಚ
ಇಷ್ಟೊಂದು ಗಲಾಟೆ ಯಾಕೆ? ಮೂರೂವರೆ ಸಪ್ತಕದ ಹಾರ್ಮೋನಿಯಂನಲ್ಲಿ 42 ಕೀಗೂ ಅಕ್ರಿಲಿಕ್ ಶೀಟ್ ಕತ್ತರಿಸಿ ಎಸ್‌ಆರ್ 998 ಹಚ್ಚಿ ಒತ್ತಿದರೆ ಮುಗೀತು. ಪಿಯಾನೊಗೂ ಅದೇ. ಫೆವಿಕಾಲ್ ಎಸ್‌ಆರ್ ಕಾಲು ಲೀಟರ್ ಡಬ್ಬಿ ಸಾಕು.

ಅಂಟುಪುರಾಣ
ಹಾರ್ಮೋನಿಯಂ ಕೀ ಪಿಯಾನೊ ಕೀಯಷ್ಟು ಪೆಟ್ಟು ತಿನ್ನಲ್ಲ, ತಂತಿಗೆ ಹೊಡೆಯುವ ಸುತ್ತಿಗೆಯನ್ನೂ ಎಸೆಯಬೇಕಿಲ್ಲ. ಆದರೂ ಎಸ್‌ಆರ್ ಪೂರ್ತಿ ತಪ್ಪಲ್ಲ. ಬಿಡಿಸಿ ಹೇಳ್ತೀನಿ.

ಎಸ್‌ಎಚ್ ಬಿಳಿ ಫೆವಿಕಾಲ್ ನೀರಿನ ಅಂಟು. ಮರ ನೀರು ಹೀರುತ್ತೆ, ಪ್ಲಾಸ್ಟಿಕ್ ಹೀರಲ್ಲ. ಒಣಗಿದ ಮೇಲೆ ಪ್ಲಾಸ್ಟಿಕ್ ಕಡೆಯಿಂದ ಹಾಲಿನ ಕೆನೆ ಥರ ಸುಲಿದು ಬರುತ್ತೆ. ದಂತಕ್ಕೆ ನಡೆಯುತ್ತೆ, ಏಕೆಂದರೆ ದಂತಕ್ಕೆ ಸಣ್ಣ ರಂಧ್ರಗಳಿವೆ. ಎಸ್‌ಆರ್ ರಬ್ಬರಿನ ಕಾಂಟ್ಯಾಕ್ಟ್ ಅಂಟು. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಕೈಗೆ ಹತ್ತದ ಹಾಗೆ ಒಣಗಿದ ಮೇಲೆ ಜೋಡಿಸಬೇಕು, ಹಸಿಯಾಗಿದ್ದಾಗ ಅಲ್ಲ. ಬಗ್ಗುತ್ತೆ, ಪೆಟ್ಟು ತಾಳುತ್ತೆ, ಬಿಗಿಹಿಡಿ (ಕ್ಲ್ಯಾಂಪ್) ಬೇಡ. ತೊಂದರೆ ಮೂರು: ಮುಟ್ಟಿಸಿದ ಮೇಲೆ ಸರಿಸೋಕಾಗಲ್ಲ, ಅದರ ದ್ರಾವಕ ಕೆಲವು ಪ್ಲಾಸ್ಟಿಕ್ ತಿನ್ನುತ್ತೆ, ಬಿಸಿಲಲ್ಲಿಟ್ಟರೆ ನಿಧಾನವಾಗಿ ಜಾರುತ್ತೆ. ಹಳದಿ ಬಣ್ಣದ್ದು ಬೇರೆ, ಅದಕ್ಕೇ ದಂತದ ಕೆಳಗೆ ಎಂದೂ ಬೇಡ, ಕಲೆ ಹೊರಗೆ ಕಾಣುತ್ತೆ. ನಿಮ್ಮ ಟಾಪ್ ಅಪಾರದರ್ಶಕ, ಆ ಚಿಂತೆ ಇಲ್ಲ.

ವಿದೇಶದ ಪಿಯಾನೊ ಕೆಲಸಗಾರರು ಪ್ಲಾಸ್ಟಿಕ್ ಟಾಪಿಗೆ ಹೆಚ್ಚಾಗಿ ಬಳಸೋದು ಪಿವಿಸಿ-ಇ ಅನ್ನೋ ಬಿಳಿ ಅಂಟು. ನೋಡೋಕೆ ಎಸ್‌ಎಚ್ ಥರ, ಆದರೆ ಪ್ಲಾಸ್ಟಿಕ್ ಹಿಡಿಯುತ್ತೆ, ಒಣಗಿದ ಮೇಲೂ ಸ್ವಲ್ಪ ಬಗ್ಗುತ್ತೆ, ಜೋಡಿಸಿದ ಮೇಲೆ ಒಂದೆರಡು ನಿಮಿಷ ಸರಿಸಬಹುದು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಕೊಡ್ತಾರೆ. ಅದು ಬೇರೆ, ಟಾಪ್ ಕರಗಿಸಿ ಬಿಡುತ್ತೆ. ಪಿಯಾನೊ ಬಿಡಿಭಾಗ ಮಾರುವವರ ಹತ್ತಿರವೇ ತರಿಸಬೇಕು.

ಸ್ವರಸರಿ
ಒಪ್ಪಿದೆ. ಸಿಕ್ಕಿದರೆ ಪಿವಿಸಿ-ಇ, ಸಿಗದಿದ್ದರೆ ಎಸ್‌ಆರ್. ಮಿಕ್ಕ ಯಾವುದೂ ಬೇಡ. ಅರಾಲ್ಡೈಟ್ ಥರದ ಎಪಾಕ್ಸಿ ಹಿಡಿಯೋದೇನೋ ಹಿಡಿಯುತ್ತೆ, ಆದರೆ ಮುಂದೆ ಯಾರಾದರೂ ಟಾಪ್ ತೆಗೆಯಬೇಕಾದರೆ ಮರವನ್ನೂ ಕಿತ್ತುಕೊಂಡೇ ಬರುತ್ತೆ.

ಯಾವುದೇ ಆದರೂ ಮೊದಲು ಉಳಿದ ಬಿ ಟಾಪಿನ ತಳಕ್ಕೆ ಒಂದು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿ ಉಗುರಿಂದ ಕೆರೆಯಿರಿ. ಮೆತ್ತಗಾಗಿದ್ದರೆ ಆ ಅಂಟು ಬೇಡ. ಟಾಪಿನ ತಳ ಕನ್ನಡಿಯ ಹಾಗಿದ್ದರೆ 120ರ ಸ್ಯಾಂಡ್‌ಪೇಪರ್‌ನಿಂದ ಗೀಚಿ ಮಂಕು ಮಾಡಿ, ಸ್ಪಿರಿಟ್‌ನಿಂದ ಒರೆಸಿ. ಅಚ್ಚಿನಿಂದ ಬಿಡಲೆಂದು ಹಚ್ಚಿದ ಎಣ್ಣೆ ಅಂಶ ಉಳಿದಿರುತ್ತೆ, ಅದರ ಮೇಲೆ ಯಾವ ಅಂಟೂ ನಿಲ್ಲಲ್ಲ.

ಮಡಗಾಂವ್_ಮಳೆ
ಈಗ ಚೌತಿ ಗಡುವಿನ ಮಾತು. ಮಾಡಬೇಡಿ. ಮುಂಬೈ, ಗೋವಾ ಎರಡೂ ಕಡೆ ಜುಲೈ ಆಗಸ್ಟ್‌ನಲ್ಲಿ ಆರ್ದ್ರತೆ 85, 90 ದಾಟಿರುತ್ತೆ. ಎಸ್‌ಆರ್ ಹಚ್ಚಿದಾಗ ಅದರ ದ್ರಾವಕ ಬೇಗ ಆವಿಯಾಗುತ್ತೆ, ಆ ಮೈ ತಣ್ಣಗಾಗುತ್ತೆ, ತಣ್ಣಗಾದ ಅಂಟಿನ ಮೇಲೆ ಗಾಳಿಯ ತೇವ ಕಾಣದ ಹಾಗೆ ಪೊರೆ ಕಟ್ಟುತ್ತೆ. ಲೋಟದ ಹೊರಗೆ ನೀರು ಬೆವರುತ್ತಲ್ಲ, ಅದೇ. ಮುಟ್ಟಿದರೆ ಒಣಗಿದೆ ಅನ್ನಿಸುತ್ತೆ, ಜೋಡಿಸಿದರೆ ಹಿಡಿಯಲ್ಲ. ಒಂದು ವಾರಕ್ಕೆ ಮೂಲೆ ಎದ್ದೇಳುತ್ತೆ. ಆಗ ಎಲ್ಲರೂ ಅಂಟನ್ನು ಬೈತಾರೆ.

ಅದಕ್ಕಿಂತ ದೊಡ್ಡ ಕಾರಣ: ಮರ ಈಗ ಉಬ್ಬಿದೆ. ಈಗ ಪಕ್ಕ ಅರ ಹಾಕಿ ಸಂದು ಸರಿ ಮಾಡಿದರೆ ಫೆಬ್ರವರಿಗೆ ಮರ ಕುಗ್ಗಿ ಟಾಪ್ ಎರಡೂ ಕಡೆ ಚಾಚಿರುತ್ತೆ.

ಪೇಠೆ_ಬಡಿಗ
ಪುಣೇದಾಗ ಉಲ್ಟಾ. ಏಪ್ರಿಲ್ ಮಧ್ಯಾಹ್ನ ಆರ್ದ್ರತೆ 30ರ ಕೆಳಗ ಇಳೀತದ. ಆವಾಗ ಒಣಗಿ ಕುಗ್ಗಿದ ಮರಕ್ಕ ಟಾಪ್ ಬಿಗಿಯಾಗಿ ಹೊಂದಿಸಿದ್ರ ಜುಲೈದಾಗ ಮರ ಟಾಪಿಗಿಂತ ಹೊರಗ ಬರ್ತದ. ಎರಡೂ ತುದಿ ಬ್ಯಾಡ. ನವೆಂಬರ್ ಕಡೀ ವಾರದಿಂದ ಜನವರಿ ತನಕ ಮಾಡ್ರಿ.

ಮಾಟುಂಗಾ_ಮೂಲೆಮನೆ
ಪಿಯಾನೊ ಒಳಗೆ ಬಲ್ಬ್ ಹಾಕಿದರೆ? ಕೆಳಗಿನ ಭಾಗದಲ್ಲಿ ಬಲ್ಬ್ ಉರಿಸಿಡುವ ಪದ್ಧತಿ ಇದೆಯಲ್ಲ.

ಮಡಗಾಂವ್_ಮಳೆ
ಇದೆ. 25 ವ್ಯಾಟ್‌ನ ಹಳೇ ತಂತಿ ಬಲ್ಬ್, ಕೆಳಗಿನ ಪೆಟ್ಟಿಗೆಯಲ್ಲಿ, ಮರಕ್ಕೂ ಬಟ್ಟೆಗೂ ತಾಗದ ಹಾಗೆ ಜಾಲರಿಯೊಳಗೆ. ಅದು ಬೂಷ್ಟು ತಡೆಯುತ್ತೆ, ತಂತಿಗಳ ತುಕ್ಕು ತಡೆಯುತ್ತೆ. ಹೊರಗೆ ತೆಗೆದು ಮೇಜಿನ ಮೇಲಿಟ್ಟ ಕೀಗೆ ಅದರಿಂದ ಏನೂ ಇಲ್ಲ. ಎಲ್‌ಇಡಿ ಹಾಕಿ ಪಿಯಾನೊ ಒಣಗಲಿಲ್ಲ ಅನ್ನೋರೂ ಇದ್ದಾರೆ, ಅದನ್ನೂ ಹೇಳಿಬಿಡ್ತೀನಿ.

ಹಾರ್ಮೋನಿಯಂ_ಹುಚ್ಚ
ಎಸಿ ರೂಮಲ್ಲಿ ಎರಡು ದಿನ ಇಟ್ಟು ಅಲ್ಲೇ ಅಂಟಿಸಿ. ಡಿಸೆಂಬರ್ ತನಕ ಯಾರು ಕಾಯ್ತಾರೆ?

ಅಂಟುಪುರಾಣ
ಅಂಟಿಗೆ ಅದು ಸರಿಯಾದ ಉತ್ತರವೇ. ಆದರೆ ಎಸ್‌ಆರ್ ಆವಿ ಮುಚ್ಚಿದ ಕೋಣೆಯಲ್ಲಿ ತಲೆ ತಿರುಗಿಸುತ್ತೆ, ಹೊತ್ತಿಕೊಳ್ಳುವಂಥದ್ದು ಕೂಡ. ಹಚ್ಚೋದಕ್ಕೆ ಗಾಳಿ ಬೇಕು, ಒಣಗೋದಕ್ಕೆ ಒಣ ಗಾಳಿ ಬೇಕು. ಮುಂಬೈ ಆಗಸ್ಟ್‌ನಲ್ಲಿ ಎರಡೂ ಒಟ್ಟಿಗೆ ಸಿಗೋದು ಕಷ್ಟ.

ಮಾಟುಂಗಾ_ಮೂಲೆಮನೆ
ಸರಿ, ಸೋತೆ. ಡಿಸೆಂಬರ್. ಮರ ತೆಗೆಯೋದು ಹೇಗೆ ಹೇಳಿ. ರೂಟರ್ (ಮರ ಕೊರೆಯುವ ಯಂತ್ರ) ಇಲ್ಲ.

ಪೇಠೆ_ಬಡಿಗ
ರೂಟರ್ ಬಾಡಿಗಿಗೆ ಸಿಗ್ತದ, ತಗೋರಿ. 50 ಕೀ ಕೈಲೆ ಒಂದ ಸಮ ಮಾಡೂದು ಸಾಧ್ಯ ಇಲ್ಲ ಅನ್ನಂಗಿಲ್ಲ, ಆದ್ರ ಹತ್ತನೇ ಕೀಗೆ ಕೈ ಸೋಲ್ತದ, ಅಂಚು ದುಂಡಗಾಗ್ತದ. ದುಂಡಗಾದ ಅಂಚಿನ ಮ್ಯಾಲೆ ಟಾಪ್ ಕೂತ್ರ ಬದಿಯಿಂದ ಕರಿ ಗೆರಿ ಕಾಣ್ತದ, ಅಲ್ಲೆ ಬೆವರು ಇಳದು ಅಂಟು ಬಿಡ್ತದ.

ಜಿಗ್, ಅಂದ್ರ ಕೀ ಹಿಡಕೊಳ್ಳೂ ಚೌಕಟ್ಟು, ಸರಳ. 18 ಮಿಮೀ ಪ್ಲೈವುಡ್ ಹಲಗಿ, ಅದರ ಮ್ಯಾಲೆ ಕೀ ಕೂಡೂವಷ್ಟು ಸಂದು ಬಿಟ್ಟು ಎರಡು ರೀಪು. ರೀಪಿನ ಮ್ಯಾಲ್ಮೈ ಕೀ ಮ್ಯಾಲ್ಮೈಗಿಂತ ಸ್ವಲ್ಪ ಎತ್ತರ ಇರಬೇಕು, ರೂಟರ್ ಓಡೂದು ಅದರ ಮ್ಯಾಲೆ. ಮುಂದ ಒಂದು ಅಡ್ಡ ತಡಿ, ಹಿಂದ ರೂಟರ್ ನಿಲ್ಲಲಿಕ್ಕೆ ಒಂದು ತಡಿ. ಟಾಪಿನ ಉದ್ದ ಸುಮಾರು 150 ಮಿಮೀ, ಅಷ್ಟಕ್ಕ ಮಾತ್ರ ಮರ ಕೆಳಗ ಇಳೀಬೇಕು, ಹಿಂದ ಸಣ್ಣ ಮೆಟ್ಟಿಲು ಉಳೀತದ, ಅದು ಮುಚ್ಚಳದ ಕೆಳಗ ಹೋಗ್ತದ. 12 ಮಿಮೀ ನೇರ ಬಿಟ್. ಒಂದ ಸಲಕ್ಕ 0.8 ತಗೀಬ್ಯಾಡ್ರಿ, 0.5 ಮೊದಲು, ಉಳಿದದ್ದು ಆಮ್ಯಾಲೆ. ಆಳ ಒಮ್ಮೆ ಕಟ್ಟಿದ ಮ್ಯಾಲೆ ಐವತ್ತೂ ಕೀ ಮುಗಿಯೂತನಕ ಸ್ಕ್ರೂ ಮುಟ್ಟಬ್ಯಾಡ್ರಿ. ಮೊದಲು ಬ್ಯಾರೆ ರೀಪಿನ ತುಂಡಿನ ಮ್ಯಾಲೆ ಪರೀಕ್ಷಾ ಮಾಡಿ ಅಳೀರಿ.

ಮೊದಲ ಹಳೇ ಅಂಟು ಕೆರದು ತಗೀರಿ. ಬಿಸಿ ಒದ್ದಿ ಬಟ್ಟಿ ಇಟ್ಟು ಕೆರದಿದ್ರ ಮರ ನೀರು ಕುಡದು ಉಬ್ಬಿರ್ತದ, ಎರಡು ದಿನ ಒಣಗಲಿ. ಒದ್ದಿ ಮರ ಅಳದು ಕೊರದ್ರ ಲೆಕ್ಕ ತಪ್ಪತದ.

ಸ್ವರಸರಿ
ಅಂಟಿನ ಪದರಕ್ಕೂ 0.1 ಲೆಕ್ಕ ಹಿಡಿಯಿರಿ. ಎಸ್‌ಆರ್ ಎರಡೂ ಕಡೆ ಹಚ್ಚಿದರೆ ಅದಕ್ಕಿಂತ ಹೆಚ್ಚೂ ಆಗಬಹುದು.

ಜೋಡಿಸುವ ಕ್ರಮ. ಹೆಚ್ಚಿನವರು ಮುಂದಿನ ಅಂಚು ಹೊಂದಿಸಿ ಒತ್ತಿಬಿಡ್ತಾರೆ, ಆಮೇಲೆ ಕಚ್ಚು ಕರಿ ಕೀಗೆ ತಾಗುತ್ತೆ. ಹಳೇ ಜರ್ಮನ್ ಪಿಯಾನೊಗಳಲ್ಲಿ ಮುಂದಿನ ಅಗಲ ಭಾಗದ ಉದ್ದ ಎಲ್ಲಾ ಒಂದೇ ಇರಲ್ಲ, 50 ಮಿಮೀ ಆಸುಪಾಸು ಸ್ವಲ್ಪ ಹೆಚ್ಚು ಕಡಿಮೆ. ಅದಕ್ಕೇ ಮೊದಲು ಅಂಟಿಲ್ಲದೆ ಟಾಪ್ ಇಟ್ಟು, ಕಚ್ಚಿನ ಒಳಮೂಲೆಯನ್ನು ಮರದ ಒಳಮೂಲೆಗೆ ಕೂರಿಸಿ. ಅಲ್ಲಿಂದ ಮುಂದೆ ಮರ ಎಷ್ಟು ಉಳಿಯಿತು, ಅಷ್ಟನ್ನೇ ಮುಖದಿಂದ ತೆಗೆಯಿರಿ. ಎಲ್ಲ ಕೀಗಳ ಮುಖ ಒಂದೇ ಗೆರೆಗೆ ಬರುತ್ತೆ.

ಪಿವಿಸಿ-ಇ ಆದರೆ ಮರಕ್ಕೂ ಟಾಪಿಗೂ ತೆಳು ಪದರ, ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು, ಒತ್ತಿದಾಗ ಅದೇ ಹರಡುತ್ತೆ. ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಎಸ್‌ಆರ್ ಆದರೆ ಮರಕ್ಕೆ ಒಂದು ಕೋಟ್ ಹಚ್ಚಿ ಅರ್ಧ ಗಂಟೆ ಬಿಡಿ, ಮರ ಅದನ್ನು ಕುಡಿಯುತ್ತೆ. ಎರಡನೇ ಕೋಟ್ ಮರಕ್ಕೆ, ಮೊದಲನೇ ಕೋಟ್ ಟಾಪಿಗೆ, ಹತ್ತು ಹದಿನೈದು ನಿಮಿಷ ಬಿಟ್ಟು ಒಳಮೂಲೆ ಕಡೆಯಿಂದ ಇಳಿಸಿ ಒತ್ತಿ. ಮೊದಲು ಮುಟ್ಟಿದ್ದೇ ಅಂತಿಮ.

ಕರಾವಳಿ_ಕರಿಕೀ
ಬಿಗಿಹಿಡಿಗೆ 50 ಕ್ಲ್ಯಾಂಪ್ ಕೊಳ್ಳಲು ಹೋಗಬೇಡಿ. ಹಳೇ ಸೈಕಲ್ ಟ್ಯೂಬನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಬಳೆ ಬಳೆಯಾಗಿ ಕತ್ತರಿಸಿ. ಟಾಪಿನ ಮೇಲೆ ಚಪ್ಪಟೆ ರೀಪಿನ ತುಂಡು, ಅದರ ಮೇಲೆ ಮೂರು ಬಳೆ. ಒತ್ತಡ ಎಲ್ಲ ಕಡೆ ಸಮ, ಟಾಪಿನ ಮುಂದಿನ ತುಟಿಯೂ ಮುರಿಯುವುದಿಲ್ಲ. ಸ್ಪ್ರಿಂಗ್ ಕ್ಲ್ಯಾಂಪ್ ಆ ತುಟಿಯ ಮೇಲೆ ಕೂತರೆ ಟಕ್ ಅಂತ ಹೋಗ್ತದೆ. ಒಂದು ರಾತ್ರಿ ಬಿಡಿ.

ಡೊಂಬಿವಲಿ_ಫಾಸ್ಟ್
ಐದು ಸೆಕೆಂಡ್ ಎಲ್ಲಿ, ಒಂದು ರಾತ್ರಿ ಎಲ್ಲಿ.

ಪೇಠೆ_ಬಡಿಗ
ಹೊಸ ಟಾಪ್ ಬೇಕಂತನ ಸ್ವಲ್ಪ ಅಗಲ ಮಾಡಿರ್ತಾರ. ಏಳು ಬಿಳಿ ಕೀ ಸೇರಿ ಒಂದು ಸಪ್ತಕ ಸುಮಾರು 164.5 ಮಿಮೀ, ಒಂದಕ್ಕ 23.5, ಅದರಾಗ ಒಂದು ಮಿಮೀ ಸಂದಿಗೆ ಬಿಡಬೇಕು. ಅಂಟು ಪೂರ್ತಿ ಗಟ್ಟಿಯಾದ ಮ್ಯಾಲೆ ಹೆಚ್ಚಿಗಿ ಇದ್ದದ್ದು ಕಾನಸಲೆ ತಗೀರಿ. ಕಾನಸ್ ಟಾಪಿನ ಕಡೆಯಿಂದ ಮರದ ಕಡೆ ಇಳೀಬೇಕು, ಮ್ಯಾಲ ಎಳದ್ರ ಟಾಪ್ ಎತ್ತಿ ಬಿಡ್ತದ. ಮರಕ್ಕ ಸಮ ಆದಕೂಡ್ಲೆ ನಿಲ್ಲಸ್ರಿ. ಆಮ್ಯಾಲೆ 400, 600, 1000 ನೀರು ಪೇಪರ್, ಕಡೀಕ ಬ್ರಾಸೊ. ಮ್ಯಾಲಿನ ಚೂಪು ಅಂಚು ಒಂದೆರಡು ಸಲ ಪೇಪರಲೆ ಮುರೀರಿ, ಇಲ್ಲಂದ್ರ ಸರ್ರ್ ಅಂತ ಬೆರಳು ಎಳಿಯೂವಾಗ ಕೊಯ್ಯತದ.

ಮಡಗಾಂವ್_ಮಳೆ
ಎಲ್ಲ ಮರಳಿ ಕೂರಿಸಿದ ಮೇಲೆ ಉದ್ದ ಸ್ಕೇಲ್ ಇಟ್ಟು ಮಟ್ಟ ನೋಡಿ. ತಗ್ಗಿದ್ದರೆ ಆ ಕಾಗದದ ಚಕ್ರಗಳು. ನಡುವಿನ ಪಿನ್ನಿಗೆ 0.1 ಮಿಮೀ ಸೇರಿಸಿದರೆ ಕೀ ಮುಂದೆ ಸುಮಾರು ಎರಡರಷ್ಟು ಏಳುತ್ತೆ, ಒಂದೊಂದೇ ಹಾಕಿ. ಕೊನೆಗೆ ಕೀ ಎಷ್ಟು ಕೆಳಗಿಳಿಯುತ್ತೆ ಅಳೆಯಿರಿ, 10 ಮಿಮೀ ಹತ್ತಿರ ಇರಬೇಕು. ಅದು ತಪ್ಪಿದ್ದರೆ ಮುಂದಿನ ಪಿನ್ನಿನ ಕೆಳಗಿನ ಕಾಗದ ನೋಡಿ, ನಡುವಿನದ್ದಲ್ಲ.

ಮಾಟುಂಗಾ_ಮೂಲೆಮನೆ
ಮಳೆಗಾಲದಲ್ಲಿ ಕೀ ಅಂಟಿಕೊಂಡು ಮೇಲೆ ಬರದೇ ಇರೋದೂ ಇದರಿಂದ ಸರಿ ಹೋಗುತ್ತಾ?

ಸ್ವರಸರಿ
ಇಲ್ಲ. ಅದು ಪಿನ್ನಿನ ಸುತ್ತಲಿನ ಉಣ್ಣೆ ಬಟ್ಟೆ ಉಬ್ಬಿದ್ದು, ಬೇರೆ ಕಾಯಿಲೆ. ಬೇರೆ ಎಳೆ ಶುರು ಮಾಡಿ.

ಮಾಟುಂಗಾ_ಮೂಲೆಮನೆ
ಕೊನೆಯದು. ಚೌತಿಗೆ ಮನೇಲಿ ಜನ ಬರ್ತಾರೆ. 11 ಕೀ ಬೋಳು. ತಾತ್ಕಾಲಿಕಕ್ಕೆ?

ಕರಾವಳಿ_ಕರಿಕೀ
ಉದುರಿದ ಹಳೇ ಟಾಪ್‌ಗಳನ್ನೇ ತೆಳು ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿ. ಸ್ಪಂಜಿನ ದಪ್ಪ ಟೇಪ್ ಅಲ್ಲ, ಕಾಗದದ ಥರದ್ದು. ಟಾಪಿನ ಹಿಂದೆ ಪೆನ್ಸಿಲಿನಲ್ಲಿ ಕೀ ನಂಬರ್ ಬರೆದಿಡಿ, ಡಿ ಟಾಪ್ ಜಿ ಮೇಲೆ ಕೂರುವುದಿಲ್ಲ.

ಅಂಟುಪುರಾಣ
ಡಿಸೆಂಬರ್‌ನಲ್ಲಿ ಟೇಪ್ ತೆಗೆದ ಮೇಲೆ ಮರದ ಮೇಲೆ ಜಿಗುಟು ಉಳಿಯುತ್ತೆ. ಚಾಕುವಿನಿಂದ ಕೆರೆದರೆ ಸಾಕು, ಹೇಗೂ ಆ ಮೈ ರೂಟರ್ ಕೆಳಗೆ ಹೋಗುತ್ತೆ. ನೇಲ್ ಪಾಲಿಶ್ ತೆಗೆಯುವ ದ್ರಾವಣ ಮಾತ್ರ ಪಿಯಾನೊ ಹತ್ತಿರ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಹಳೇ ಸೆಲ್ಯುಲಾಯ್ಡೂ ಕರಗುತ್ತೆ, ಹೊಸ ಟಾಪ್ ಎಬಿಎಸ್ ಅನ್ನೋ ಪ್ಲಾಸ್ಟಿಕ್ಕಿನದಾದರೆ ಅದೂ ಕರಗುತ್ತೆ, ಪಕ್ಕದ ಪಾಲಿಶ್ ಮೇಲೆ ಒಂದು ಹನಿ ಬಿದ್ದರೆ ಆ ಕಲೆ ಹೋಗಲ್ಲ.